ಫಿಟ್ಸ್ ಇಲ್ಲದವರಿಗೆ ಫಿಟ್ಸ್ ಮಾತ್ರೆ: ಯಾವುದು, ಯಾತಕ್ಕೆ, ಎಷ್ಟರ ಮಟ್ಟಿಗೆ?

ಮನೋವೈದ್ಯರು ಬರೆದುಕೊಟ್ಟ ಮಾತ್ರೆಯ ಡಬ್ಬಿ ಬಿಚ್ಚಿ, ಒಳಗೆ ಮಡಚಿಟ್ಟ ಮಾಹಿತಿ ಹಾಳೆಯನ್ನು ಬಿಡಿಸಿದರೆ ಮೊದಲ ಸಾಲಿನಲ್ಲೇ ‘ಅಪಸ್ಮಾರದ ಚಿಕಿತ್ಸೆಗೆ’ ಎಂದಿರುತ್ತದೆ. ಓದಿದವರ ಎದೆ ಧಸಕ್ಕೆನ್ನುತ್ತದೆ. ಒಮ್ಮೆಯೂ ಫಿಟ್ಸ್ ಬಂದದ್ದಿಲ್ಲ. ವೈದ್ಯರ ಬಳಿ ಹೋದದ್ದು ನಿದ್ದೆಗೆಟ್ಟ ರಾತ್ರಿಗಳಿಗೆ, ಏರಿಳಿಯುವ ಮನಸ್ಸಿಗೆ, ಬಿಡದ ಆತಂಕಕ್ಕೆ. ವೈದ್ಯರು ತಪ್ಪು ಬರೆದರೇ? ಔಷಧ ಅಂಗಡಿಯವರು ಬೇರೆ ಡಬ್ಬಿ ಕೊಟ್ಟರೇ? ತನಗೆ ಹೇಳದೆ ಮುಚ್ಚಿಟ್ಟ ಕಾಯಿಲೆ ಏನಾದರೂ ಇದೆಯೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆ ಆ ಹೊತ್ತಿಗೆ ನೆನಪಾದರೆ ತಪ್ಪಿಲ್ಲ.

ಬಹುತೇಕ ಸಲ ಮೂರೂ ಅನುಮಾನ ಸುಳ್ಳು. ಅಪಸ್ಮಾರಕ್ಕೆಂದು ಹುಟ್ಟಿದ ಹಲವು ಔಷಧಗಳು ಮನೋವೈದ್ಯಕೀಯದಲ್ಲಿ ದಶಕಗಳಿಂದ ಬಳಕೆಯಲ್ಲಿವೆ. ಆದರೆ ಅವೆಲ್ಲ ಒಂದೇ ತೂಕದವಲ್ಲ. ಕೆಲವಕ್ಕೆ ಗಟ್ಟಿ ಪುರಾವೆ ಇದೆ, ಕೆಲವಕ್ಕೆ ಅರೆಬರೆ, ಇನ್ನು ಕೆಲವು ಬರೀ ರೂಢಿಯ ಬಲದಲ್ಲಿ ನಡೆದುಕೊಂಡು ಬಂದಿವೆ. ಮೇಲಾಗಿ, ಒಂದು ಕೆಲಸಕ್ಕೆ ಗಟ್ಟಿಯಾದ ಮಾತ್ರೆಯೇ ಇನ್ನೊಂದು ಕೆಲಸಕ್ಕೆ ಪೊಳ್ಳು. ಹಾಗಾಗಿ ‘ಇದು ಒಳ್ಳೆಯದೋ ಅದು ಒಳ್ಳೆಯದೋ’ ಎಂದಷ್ಟೇ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾವ ಕೆಲಸಕ್ಕೆ, ಯಾರ ದೇಹಕ್ಕೆ ಎಂಬೆರಡನ್ನು ಸೇರಿಸಿ ಕೇಳಬೇಕು. ಈ ಬರಹ ಓದಿ ಯಾರೂ ತಾವೇ ಮಾತ್ರೆ ಆರಿಸಿಕೊಳ್ಳುವುದು ಬೇಡ. ವೈದ್ಯರ ಎದುರು ಕೂತಾಗ ಬಾಯಿಗೆ ಬರಬೇಕಾದ ಪ್ರಶ್ನೆ ಬಂದರೆ ಸಾಕು.

‘ಆಫ್-ಲೇಬಲ್’ ಎಂದರೆ

ಔಷಧ ಕಂಪನಿ ಒಂದು ಕಾಯಿಲೆಯ ಹೆಸರು ಹೇಳಿ, ಅದರ ಮೇಲೆ ನಡೆಸಿದ ಪ್ರಯೋಗಗಳ ಕಡತ ಒಪ್ಪಿಸಿ, ನಿಯಂತ್ರಣ ಸಂಸ್ಥೆಯ ಅನುಮತಿ ಪಡೆಯುತ್ತದೆ. ಆ ಕಾಯಿಲೆ, ಆ ವಯಸ್ಸು, ಆ ಡೋಸು ಲೇಬಲ್ಲಿನಲ್ಲಿ ಅಚ್ಚಾಗುತ್ತದೆ. ಅದರಾಚೆಗೆ ವೈದ್ಯರು ಬರೆದದ್ದೆಲ್ಲ ಆಫ್-ಲೇಬಲ್. ಅಂದರೆ ಈ ಪದ ಹೇಳುವುದು ಕಡತದ ಸ್ಥಿತಿಯನ್ನು. ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ.

ಪ್ರಿಗ್ಯಾಬಲಿನ್ ಎಂಬ ಫಿಟ್ಸ್ ಔಷಧ ಇದಕ್ಕೆ ಚೆಂದದ ಉದಾಹರಣೆ. ಸದಾ ಕಾಡುವ ಸಾರ್ವತ್ರಿಕ ಆತಂಕಕ್ಕೆ ಅದನ್ನು ಕೊಡಬಹುದೆಂದು ಯುರೋಪಿಯನ್ ಒಕ್ಕೂಟ 2006ರಲ್ಲಿ ಒಪ್ಪಿತು. ಅಮೆರಿಕದಲ್ಲಿ ಆ ಒಪ್ಪಿಗೆ ಇಲ್ಲ. ಹಾಗಾಗಿ ವಿಮಾನ ಹತ್ತಿ ಅಟ್ಲಾಂಟಿಕ್ ದಾಟಿದರೆ ಅದೇ ಮಾತ್ರೆ, ಅದೇ ಆತಂಕ, ಅದೇ ರೋಗಿ. ಚೀಟಿ ಮಾತ್ರ ಆಫ್-ಲೇಬಲ್ ಆಗಿಬಿಟ್ಟಿರುತ್ತದೆ.

ವ್ಯಾಲ್ಪ್ರೊಯೇಟ್ ಇನ್ನೂ ವಿಚಿತ್ರ. ಅದರ ಒಂದು ರೂಪವಾದ ಡೈವ್ಯಾಲ್ಪ್ರೊಯೆಕ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮನಸ್ಸು ಮಿತಿಮೀರಿ ಉಬ್ಬುವ ತೀವ್ರ ಉನ್ಮಾದದ (ಮೇನಿಯಾ) ಚಿಕಿತ್ಸೆಗಾಗಿ 1995ರಲ್ಲಿ ಅನುಮತಿ ಕೊಟ್ಟಿತು. ಆದರೆ 3 ವಾರಕ್ಕಿಂತ ಹೆಚ್ಚಿನ ಬಳಕೆಯ ಪರಿಣಾಮ ನಿಯಂತ್ರಿತ ಪ್ರಯೋಗಗಳಲ್ಲಿ ಸಾಬೀತಾಗಿಲ್ಲ ಎಂದು ಅಲ್ಲಿನ ಲೇಬಲ್ಲೇ ಹೇಳುತ್ತದೆ. ಜನ ಅದನ್ನು ವರ್ಷಗಟ್ಟಲೆ ನುಂಗುತ್ತಾರೆ. ಲ್ಯಾಮೊಟ್ರಿಜಿನ್‌ಗೆ 2003ರಲ್ಲಿ ಸಿಕ್ಕ ಅನುಮತಿ ಬೈಪೋಲಾರ್ 1ಕ್ಕೆ, ಅಂದರೆ ಮನಸ್ಸು ಉನ್ಮಾದ-ಖಿನ್ನತೆಗಳ ನಡುವೆ ಏರಿಳಿಯುವ ಕಾಯಿಲೆಯ ಒಂದು ಬಗೆಗೆ. ಉನ್ಮಾದ ಸೌಮ್ಯವಾಗಿರುವ ಬೈಪೋಲಾರ್ 2 ಇರುವವರಿಗೆ ಬರೆದರೆ ಅದೂ ಲೇಬಲ್ಲಿನಾಚೆ. ಕಾರ್ಬಮಜೆಪಿನ್‌ನದು ತಮಾಷೆಯ ಕಥೆ: ನಿಧಾನವಾಗಿ ಕರಗುವ ಒಂದು ಕ್ಯಾಪ್ಸೂಲಿಗೆ 2004ರಲ್ಲಿ ಉನ್ಮಾದದ ಅನುಮತಿ ಸಿಕ್ಕಿತು, ಮಾಮೂಲಿ ಮಾತ್ರೆಗೆ ಸಿಗಲಿಲ್ಲ. ಒಳಗಿರುವ ರಾಸಾಯನಿಕ ಒಂದೇ.

ಅನುಮತಿ ಯಾಕೆ ಕೇಳುವುದಿಲ್ಲ? ಪೇಟೆಂಟ್ ಮುಗಿದ ಅಗ್ಗದ ಔಷಧದ ಮೇಲೆ ಹೊಸ ಪ್ರಯೋಗಕ್ಕೆ ದುಡ್ಡು ಸುರಿಯುವವರು ಕಡಿಮೆ. ಇದು ನಿಜವಾದ ಕಾರಣ, ಆದರೆ ಇದನ್ನೇ ಎಲ್ಲಕ್ಕೂ ನೆಪ ಮಾಡಿಕೊಳ್ಳಲಾಗದು. ಅಮೆರಿಕದ ಕ್ಲಿನಿಕ್ ಚೀಟಿಗಳ 2001ರ ಅಂಕಿಅಂಶ ಹಿಡಿದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫಿಟ್ಸ್ ಔಷಧಗಳ ಬಳಕೆಯಲ್ಲಿ ಶೇ 46ರಷ್ಟು ಆಫ್-ಲೇಬಲ್ ಇತ್ತು. ಗ್ಯಾಬಪೆಂಟಿನ್ ಒಂದರಲ್ಲೇ ಶೇ 83. ಆ ಅಧ್ಯಯನ ನೋಡಿದ ಎಲ್ಲ ಬಗೆಯ ಆಫ್-ಲೇಬಲ್ ಬಳಕೆಯಲ್ಲಿ ಸುಮಾರು ಮುಕ್ಕಾಲು ಪಾಲಿಗೆ ವೈಜ್ಞಾನಿಕ ಆಧಾರ ಅಲ್ಪ ಅಥವಾ ಶೂನ್ಯ.

ಗ್ಯಾಬಪೆಂಟಿನ್ ಅಷ್ಟು ಹಬ್ಬಿದ್ದು ತಾನಾಗಿ ಅಲ್ಲ. ಅದನ್ನು ಮಾರುತ್ತಿದ್ದ ಪಾರ್ಕ್-ಡೇವಿಸ್ ವಿಭಾಗದ ಉದ್ಯೋಗಿಯಾಗಿದ್ದ ಡೇವಿಡ್ ಫ್ರಾಂಕ್ಲಿನ್ 1996ರಲ್ಲಿ ಒಳಗುಟ್ಟು ಬಯಲಿಗೆಳೆದು ದಾವೆ ಹೂಡಿದರು. ಅನುಮತಿಯಿಲ್ಲದ ಬಳಕೆಗಳಿಗೆ, ಬೈಪೋಲಾರ್ ಸೇರಿದಂತೆ, ಕಂಪನಿ ಪ್ರಚಾರ ಮಾಡಿತ್ತು. 2004ರಲ್ಲಿ ಅದರ ಮಾತೃಸಂಸ್ಥೆ ವಾರ್ನರ್-ಲ್ಯಾಂಬರ್ಟ್ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ತೆರಲು ಒಪ್ಪಿತು. ಇಷ್ಟರೊಳಗೆ, 2000ದಲ್ಲಿ, ಬೈಪೋಲಾರ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂದಿತ್ತು: ಗ್ಯಾಬಪೆಂಟಿನ್ ಸೇರಿಸಿದವರಿಗಿಂತ, ಔಷಧವೇ ಇಲ್ಲದ ಹುಸಿಮಾತ್ರೆ ಸೇರಿಸಿದವರೇ ಮೇಲಾಗಿದ್ದರು.

ಕೆಲಸ ಒಂದು: ಏರಿಳಿಯುವ ಮನಸ್ಸು

ಫಿಟ್ಸ್ ಔಷಧ ಮನಸ್ಸಿಗೆ ಹತ್ತಿರವಾದದ್ದು ಬೈಪೋಲಾರ್ ಮೂಲಕ. 1882ರಲ್ಲಿ ಮೊದಲು ತಯಾರಾದ, ವ್ಯಾಲ್ಪ್ರೊಯೇಟ್‌ನ ಮೂಲರೂಪವಾದ ವ್ಯಾಲ್ಪ್ರೊಯಿಕ್ ಆಮ್ಲ ಎಂಬತ್ತು ವರ್ಷ ಬರೀ ದ್ರಾವಕವಾಗಿತ್ತು. ಬೇರೆ ವಸ್ತುಗಳನ್ನು ಅದರಲ್ಲಿ ಕರಗಿಸಿ ಪರೀಕ್ಷಿಸುತ್ತಿದ್ದಾಗ, ಫಿಟ್ಸ್ ತಡೆಯುತ್ತಿರುವುದು ಕರಗಿದ ವಸ್ತುವಲ್ಲ, ಕರಗಿಸಿದ ವಸ್ತು ಎಂದು 1960ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಗೊತ್ತಾಯಿತು. ಅದೇ ದಶಕದಲ್ಲಿ ಅಲ್ಲೇ ಅದರ ಸೋದರ ಔಷಧವನ್ನು ಉನ್ಮಾದಕ್ಕೂ ಕೊಟ್ಟು ನೋಡಿದರು. 1970ರ ದಶಕದಲ್ಲಿ ಜಪಾನಿನ ವೈದ್ಯರು ಕಾರ್ಬಮಜೆಪಿನ್‌ನಲ್ಲಿ ಅದೇ ಗುಣ ಕಂಡರು. ಸಣ್ಣ ಕಿಡಿ ಮತ್ತೆ ಮತ್ತೆ ತಾಗಿ ಕೊನೆಗೆ ತಾನಾಗಿ ಹೊತ್ತಿಕೊಳ್ಳುವ ಸೌದೆಯಂತೆ ಮಿದುಳೂ ಪ್ರತಿ ಕಂತಿನ ಕಾಯಿಲೆಯಿಂದ ಮುಂದಿನ ಕಂತಿಗೆ ಹದಗೊಳ್ಳುತ್ತದೆ ಎಂಬ ವಿವರಣೆಯನ್ನು ಆಮೇಲೆ ಮುಂದಿಟ್ಟರು. ವಿವರಣೆ ಸೊಗಸಾಗಿದೆ. ಆದರೆ ಅದು ಪೂರ್ತಿ ನಿಜವಾಗಿದ್ದರೆ ಫಿಟ್ಸ್ ತಡೆಯುವ ಪ್ರತಿಯೊಂದು ಔಷಧವೂ ಬೈಪೋಲಾರ್‌ಗೆ ನಾಟಬೇಕಿತ್ತು. ನಾಟುವುದಿಲ್ಲ.

ಹೋಲಿಸುವ ಮೊದಲು ಅಳತೆಗೋಲು ಯಾವುದೆಂದು ತಿಳಿದಿರಲಿ. ಬೈಪೋಲಾರ್‌ಗೆ ಅಳತೆಗೋಲು ಲಿಥಿಯಂ. ಅದು ಫಿಟ್ಸ್ ಔಷಧವಲ್ಲ. 2010ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಎಂಬ ಪ್ರಯೋಗ 330 ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿತು. ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಬರೀ ವ್ಯಾಲ್ಪ್ರೊಯೇಟ್‌ಗಿಂತ ಲಿಥಿಯಂ ಮೇಲಾಗಿತ್ತು, ಎರಡೂ ಸೇರಿದರೂ ಮೇಲಾಗಿತ್ತು. ಲಿಥಿಯಂ ಬೇಡ ಎಂದು ಫಿಟ್ಸ್ ಮಾತ್ರೆ ಕೊಟ್ಟಿದ್ದರೆ ಯಾಕೆ ಬೇಡ ಎಂದು ಕೇಳುವುದು ನ್ಯಾಯವೇ. ಕಿಡ್ನಿ ತೊಂದರೆ, ಥೈರಾಯ್ಡ್, ರಕ್ತಪರೀಕ್ಷೆಗೆ ಮತ್ತೆ ಮತ್ತೆ ಬರಲಾಗದಿರುವುದು, ಇವೆಲ್ಲ ಒಪ್ಪುವ ಕಾರಣಗಳು. ‘ಅದು ಹಳೆಯ ಔಷಧ’ ಎಂಬುದು ಒಪ್ಪುವ ಕಾರಣ ಅಲ್ಲ.

ಇನ್ನು ವ್ಯಾಲ್ಪ್ರೊಯೇಟ್, ಲ್ಯಾಮೊಟ್ರಿಜಿನ್, ಕಾರ್ಬಮಜೆಪಿನ್ ಈ ಮೂವರ ನಡುವಿನ ಹೋಲಿಕೆ. ಕೆಲಸಗಳೇ ಬೇರೆ ಬೇರೆ.

ವ್ಯಾಲ್ಪ್ರೊಯೇಟ್ ಬೆಂಕಿ ಆರಿಸುವ ಔಷಧ. ನಿದ್ದೆಯಿಲ್ಲದೆ, ಮಾತು ನಿಲ್ಲದೆ, ದುಡ್ಡು ಚೆಲ್ಲುತ್ತ, ಸಿಡುಕುತ್ತ ಇರುವವರಲ್ಲಿ ಕೆಲವೇ ದಿನಗಳಲ್ಲಿ ಬಿಸಿ ಇಳಿಸುತ್ತದೆ. ದೇಹದ ತೂಕಕ್ಕೆ ತಕ್ಕಂತೆ ಮೊದಲ ದಿನದಿಂದಲೇ ದೊಡ್ಡ ಡೋಸು ಕೊಡಬಹುದು. ರಕ್ತದಲ್ಲಿ ಒಂದು ಮಿಲಿಲೀಟರಿಗೆ 50ರಿಂದ 125 ಮೈಕ್ರೊಗ್ರಾಂ ಇರಲಿ ಎಂಬುದು ಉನ್ಮಾದದ ಚಿಕಿತ್ಸೆಯ ಗುರಿ. ಬೆಲೆ ತೆರುವುದು ದೇಹ: ತೂಕ ಏರುತ್ತದೆ, ಕೂದಲು ಉದುರುತ್ತದೆ, ಕೈ ನಡುಗುತ್ತದೆ. ಪ್ಲೇಟ್‌ಲೆಟ್ ಕುಸಿಯಬಹುದು. ಲಿವರ್ ಹಾನಿ ಮತ್ತು ಮೇದೋಜೀರಕದ ಉರಿಯೂತ ಅಪರೂಪ, ಆದರೆ ಬಂದರೆ ಜೀವಕ್ಕೇ ಕುತ್ತು. ವಾಂತಿ, ಹೊಟ್ಟೆನೋವು, ವಿಪರೀತ ಮಂಪರು ಒಟ್ಟಿಗೆ ಕಂಡರೆ ಅಜೀರ್ಣವೆಂದು ತಳ್ಳಿಹಾಕುವ ಹಾಗಿಲ್ಲ.

ಲ್ಯಾಮೊಟ್ರಿಜಿನ್ ಉರಿಯುವ ಬೆಂಕಿಗೆ ಪ್ರಯೋಜನವಿಲ್ಲದ್ದು. ಉನ್ಮಾದದಲ್ಲಿ ಇರುವವರಿಗೆ ಅದನ್ನೊಂದನ್ನೇ ಕೊಟ್ಟು ಕಾಯುವುದು ಕಾಲಹರಣ. ಅದರ ಕೆಲಸ ಮುಂದಿನ ಖಿನ್ನತೆಯನ್ನು ದೂರ ಇಡುವುದು. ಲಿಥಿಯಂ ಜೊತೆ ಇಟ್ಟು ನೋಡಿದ ದೀರ್ಘಕಾಲದ ಪ್ರಯೋಗಗಳಲ್ಲಿ ಲಿಥಿಯಂ ಉನ್ಮಾದವನ್ನು ಹೆಚ್ಚು ತಡೆಯಿತು, ಲ್ಯಾಮೊಟ್ರಿಜಿನ್ ಖಿನ್ನತೆಯನ್ನು. ಈಗಾಗಲೇ ಖಿನ್ನತೆಯಲ್ಲಿ ಮುಳುಗಿರುವವರನ್ನು ಮೇಲೆತ್ತುತ್ತದೆಯೇ ಎಂಬುದಕ್ಕೆ ಉತ್ತರ ಅಷ್ಟು ಖಚಿತವಲ್ಲ. ಐದು ಪ್ರಯೋಗಗಳು ಮುಖ್ಯ ಅಳತೆಯಲ್ಲಿ ಒಂದೊಂದಾಗಿ ಗೆಲ್ಲಲಿಲ್ಲ. ಎಲ್ಲವನ್ನೂ ಒಟ್ಟು ಹಾಕಿದಾಗ ಸಣ್ಣ ಲಾಭ ಕಂಡಿತು, ಖಿನ್ನತೆ ತೀವ್ರವಾಗಿದ್ದವರಲ್ಲಿ ತುಸು ಹೆಚ್ಚು.

ಲ್ಯಾಮೊಟ್ರಿಜಿನ್‌ನ ದೊಡ್ಡ ಗುಣ ದೇಹದ ಮೇಲೆ ಹಗುರಾಗಿರುವುದು. ತೂಕ ಹೆಚ್ಚಿಸುವುದಿಲ್ಲ, ಮಂಕು ಕವಿಸುವುದು ಕಡಿಮೆ. ಅದಕ್ಕೇ ಅದು ಹಲವರಿಗೆ ಅಚ್ಚುಮೆಚ್ಚು. ದೊಡ್ಡ ಭಯ ಚರ್ಮದ್ದು. ಸ್ಟೀವನ್ಸ್-ಜಾನ್ಸನ್ ಎಂಬ, ಚರ್ಮ ಮತ್ತು ಬಾಯಿ-ಕಣ್ಣಿನ ಒಳಪದರ ಸುಲಿಯುವ ಪ್ರತಿಕ್ರಿಯೆ ಅಪರೂಪಕ್ಕೆ ಬರುತ್ತದೆ. ಬೈಪೋಲಾರ್‌ಗೆ ಇದನ್ನೊಂದನ್ನೇ ತೆಗೆದುಕೊಂಡ ವಯಸ್ಕರ ಪ್ರಯೋಗಗಳಲ್ಲಿ ಗಂಭೀರ ದದ್ದು ಶೇ 0.08ರಷ್ಟಿತ್ತು. ಅಂದರೆ ಸಾವಿರದಲ್ಲಿ ಒಬ್ಬರಿಗೂ ಕಡಿಮೆ. ಆ ಅಂಕಿ ಅಷ್ಟು ಕೆಳಗಿರುವುದು ಡೋಸನ್ನು ಆಮೆಯಂತೆ ಏರಿಸಿದರೆ ಮಾತ್ರ: ದಿನಕ್ಕೆ 25 ಮಿಲಿಗ್ರಾಂ ಎರಡು ವಾರ, 50 ಎರಡು ವಾರ, 100 ಒಂದು ವಾರ, ಆಮೇಲೆ 200. ಜೊತೆಗೆ ವ್ಯಾಲ್ಪ್ರೊಯೇಟ್ ಇದ್ದರೆ ಅದು ಲ್ಯಾಮೊಟ್ರಿಜಿನ್ ದೇಹದಿಂದ ಹೊರಹೋಗುವುದನ್ನು ತಡೆಯುವುದರಿಂದ ಎಲ್ಲವೂ ಅರ್ಧ, ಶುರುವೇ ದಿನ ಬಿಟ್ಟು ದಿನ 25. ಕಾರ್ಬಮಜೆಪಿನ್ ಇದ್ದರೆ ತದ್ವಿರುದ್ಧ, ಹೆಚ್ಚು ಬೇಕಾಗುತ್ತದೆ. ಆತುರದ ರೋಗಿ, ಆತುರದ ವೈದ್ಯರು ಇಬ್ಬರಿಗೂ ಇದು ಹೇಳಿ ಮಾಡಿಸಿದ ಔಷಧವಲ್ಲ.

ಇಲ್ಲೇ ಎಷ್ಟೋ ಜನ ಎಡವುವ ಜಾಗವಿದೆ. ಪ್ರಯಾಣದಲ್ಲೋ ಮರೆವಿನಲ್ಲೋ ಐದಾರು ದಿನ ಮಾತ್ರೆ ತಪ್ಪಿತು ಎನ್ನಿ. ಬಿಟ್ಟಲ್ಲಿಂದಲೇ 200ಕ್ಕೆ ಮರಳುವ ಹಾಗಿಲ್ಲ. ಔಷಧ ದೇಹದಿಂದ ತೊಳೆದುಹೋಗಿರುತ್ತದೆ, ಮತ್ತೆ 25ರಿಂದಲೇ ಹತ್ತಬೇಕಾಗುತ್ತದೆ. ಡಬ್ಬಿ ಖಾಲಿಯಾಗುವ ಮೊದಲೇ ಇನ್ನೊಂದು ಡಬ್ಬಿ ಮನೆಯಲ್ಲಿರಲಿ ಎಂದು ನಾನು ಹಟ ಹಿಡಿದು ಹೇಳುವ ಔಷಧ ಇದೊಂದೇ.

ಕಾರ್ಬಮಜೆಪಿನ್ ಉನ್ಮಾದಕ್ಕೆ ನಾಟುತ್ತದೆ, ಅದರಲ್ಲಿ ಸಂದೇಹವಿಲ್ಲ. ಆದರೂ ಸಾಲಿನಲ್ಲಿ ಅದನ್ನು ಹಿಂದಕ್ಕೆ ನಿಲ್ಲಿಸುವುದೇ ಹೆಚ್ಚು. ಕಾರಣ ಅದರ ಜಗಳಗಂಟ ಸ್ವಭಾವ. ಅದು ಲಿವರ್‌ನ ಕಿಣ್ವಗಳನ್ನು ಎಬ್ಬಿಸಿ ಕೂರಿಸುತ್ತದೆ; ಎದ್ದ ಕಿಣ್ವಗಳು ಜೊತೆಯಲ್ಲಿರುವ ಕ್ವೆಟಿಯಾಪಿನ್, ರಿಸ್ಪೆರಿಡೋನ್‌ನಂಥ ಮನೋವೈದ್ಯಕೀಯ ಔಷಧ, ರಕ್ತ ತಿಳಿಮಾಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ ಎಲ್ಲವನ್ನೂ ಬೇಗ ಬೇಗ ಜೀರ್ಣಿಸಿಬಿಡುತ್ತವೆ. ಕೊನೆಗೆ ಅದು ತನ್ನನ್ನೂ ಬಿಡುವುದಿಲ್ಲ: ಶುರುವಾದ ಕೆಲ ವಾರಗಳಲ್ಲಿ ಅದೇ ಡೋಸಿಗೆ ರಕ್ತದ ಮಟ್ಟ ತಾನಾಗಿ ಇಳಿಯುತ್ತದೆ. ಕ್ಲೋಜಪಿನ್ ಎಂಬ ಸ್ಕಿಜೋಫ್ರೇನಿಯಾ ಔಷಧ ತೆಗೆದುಕೊಳ್ಳುವವರಿಗೆ ಇದು ಬೇಡವೇ ಬೇಡ, ಎರಡೂ ಬಿಳಿ ರಕ್ತಕಣಗಳನ್ನು ಕುಗ್ಗಿಸಬಲ್ಲವು.

ಇನ್ನೊಂದು ಕಾರಣ ವಂಶವಾಹಿಯದು. 2004ರಲ್ಲಿ ತೈವಾನಿನ ಸಂಶೋಧಕರು ಕಾರ್ಬಮಜೆಪಿನ್‌ನಿಂದ ಸ್ಟೀವನ್ಸ್-ಜಾನ್ಸನ್ ಆದ 44 ರೋಗಿಗಳ ವಂಶವಾಹಿ ಪರೀಕ್ಷಿಸಿದರು. ನಲವತ್ತನಾಲ್ಕೂ ಜನರಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ಒಂದೇ ಗುರುತು ಇತ್ತು. ಔಷಧದ ಅಡ್ಡ ಪರಿಣಾಮ ಇಷ್ಟು ಸ್ಪಷ್ಟವಾಗಿ ಒಂದು ವಂಶವಾಹಿಗೆ ತಳುಕು ಹಾಕಿಕೊಂಡ ಉದಾಹರಣೆ ಕಡಿಮೆ. ಆ ಗುರುತು ಹೆಚ್ಚಾಗಿ ಕಾಣುವುದು ಏಷ್ಯಾ ಮೂಲದವರಲ್ಲಿ. 2007ರಿಂದ ಎಫ್‌ಡಿಎ ಅಂಥವರಿಗೆ ಔಷಧ ಶುರು ಮಾಡುವ ಮುನ್ನ ಈ ಪರೀಕ್ಷೆ ಮಾಡಿಸಿ ಎನ್ನುತ್ತದೆ. ನಿಮ್ಮ ಪೂರ್ವಿಕರು ಏಷ್ಯಾದವರಾಗಿದ್ದು ಈ ಮಾತ್ರೆಯ ಹೆಸರು ಚೀಟಿಯಲ್ಲಿದ್ದರೆ, ಪರೀಕ್ಷೆಯ ಮಾತನ್ನು ನೀವೇ ಎತ್ತಿ. ವೈದ್ಯರು ಬೇಸರಿಸಿಕೊಂಡರೆ ಬೇಸರಿಸಿಕೊಳ್ಳಲಿ.

ಅದರ ತಮ್ಮ ಆಕ್ಸ್‌ಕಾರ್ಬಜೆಪಿನ್ ಜಗಳಗಂಟತನದಲ್ಲಿ ಕಡಿಮೆ, ಹಾಗಾಗಿ ಕೆಲವರು ಅದನ್ನು ಬರೆಯುತ್ತಾರೆ. ಆದರೆ ಬೈಪೋಲಾರ್‌ಗೆ ಅದರ ಪುರಾವೆ ತೆಳು. ಮಕ್ಕಳು-ಹದಿಹರೆಯದವರ ಉನ್ಮಾದದ ಮೇಲೆ ನಡೆದ ಪ್ರಯೋಗದಲ್ಲಿ ಹುಸಿಮಾತ್ರೆಯನ್ನು ಮೀರಲಿಲ್ಲ. ರಕ್ತದ ಸೋಡಿಯಂ ಇಳಿಸುವುದರಲ್ಲಿ ಮಾತ್ರ ಅಣ್ಣನನ್ನು ಮೀರಿಸುತ್ತದೆ, ವಯಸ್ಸಾದವರಲ್ಲಿ ವಿಶೇಷವಾಗಿ. ವಯಸ್ಸಾದವರು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡರೆ ಮರೆವಿನ ಕಾಯಿಲೆ ಎನ್ನುವ ಮುನ್ನ ಸೋಡಿಯಂ ನೋಡಿಸಿ.

ಬಸಿರಿನ ಲೆಕ್ಕ

ಮೇಲಿನ ಹೋಲಿಕೆಯನ್ನೆಲ್ಲ ತಲೆಕೆಳಗು ಮಾಡುವ ಪ್ರಶ್ನೆ ಇದು: ಮಾತ್ರೆ ತೆಗೆದುಕೊಳ್ಳುವವರು ಮುಂದೆ ಗರ್ಭ ಧರಿಸಬಹುದೇ?

ಯಾವ ಔಷಧವೂ ಇಲ್ಲದ ಬಸಿರಿನಲ್ಲೂ ನೂರಕ್ಕೆ ಎರಡು-ಮೂರು ಶಿಶುಗಳಿಗೆ ದೊಡ್ಡ ಹುಟ್ಟುದೋಷ ಇರುತ್ತದೆ. ವ್ಯಾಲ್ಪ್ರೊಯೇಟ್ ತೆಗೆದುಕೊಂಡ ಬಸಿರಿನಲ್ಲಿ ಅದು ನೂರಕ್ಕೆ ಸುಮಾರು ಹತ್ತು-ಹನ್ನೊಂದು. ಬೆನ್ನುಹುರಿ ಮುಚ್ಚಿಕೊಳ್ಳದಿರುವುದು, ಹೃದಯದ ದೋಷ, ಸೀಳು ತುಟಿ ಇವುಗಳಲ್ಲಿ ಸೇರಿವೆ. ಅದಕ್ಕಿಂತ ಎದೆ ಒಡೆಯುವ ಅಂಕಿ ಇನ್ನೊಂದು: ನೂರರಲ್ಲಿ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ನೆನಪು, ವರ್ತನೆಯ ಬೆಳವಣಿಗೆಯ ತೊಂದರೆ. ಫ್ರಾನ್ಸಿನಲ್ಲಿ ಇದು ದೊಡ್ಡ ಹಗರಣವಾಗಿ ನ್ಯಾಯಾಲಯದ ಮೆಟ್ಟಿಲೇರಿತು. 2018ರಲ್ಲಿ ಯುರೋಪಿನ ಔಷಧ ಸಂಸ್ಥೆ, ಗರ್ಭ ತಡೆಯುವ ಕಟ್ಟುನಿಟ್ಟಿನ ಕಾರ್ಯಕ್ರಮಕ್ಕೆ ಒಳಪಡದ ಹೊರತು ಗರ್ಭ ಧರಿಸಬಲ್ಲ ವಯಸ್ಸಿನ ಹೆಣ್ಣುಮಕ್ಕಳಿಗೆ ವ್ಯಾಲ್ಪ್ರೊಯೇಟ್ ಕೂಡದು ಎಂದಿತು. ಬ್ರಿಟನ್ನಿನಲ್ಲಿ 2024ರ ಜನವರಿಯಿಂದ ನಿಯಮ ಇನ್ನೂ ಬಿಗಿ: 55 ವರ್ಷದೊಳಗಿನ ಹೆಣ್ಣು-ಗಂಡು ಯಾರಿಗೇ ಆಗಲಿ, ಹೊಸದಾಗಿ ಶುರು ಮಾಡಲು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಯೋಚಿಸಿ, ಬೇರೆ ದಾರಿಯಿಲ್ಲ ಎಂದು ಒಪ್ಪಬೇಕು.

‘ಈಗ ಮದುವೆಯ ಮಾತೇ ಇಲ್ಲ’, ‘ಬಸಿರಾದಾಗ ನಿಲ್ಲಿಸಿದರಾಯಿತು’ ಎಂಬ ಮಾತುಗಳು ಇಲ್ಲಿ ಕೆಲಸಕ್ಕೆ ಬಾರವು. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ ನಾಲ್ಕು ವಾರಗಳಲ್ಲಿ, ಮುಟ್ಟು ತಪ್ಪಿದ್ದು ಸರಿಯಾಗಿ ಗೊತ್ತಾಗುವ ಹೊತ್ತಿಗೆ. ಮನಸ್ಸಿನ ಕಾಯಿಲೆಗೆ ಬೇರೆ ಆಯ್ಕೆಗಳಿರುವಾಗ ಇಪ್ಪತ್ತರ ಹುಡುಗಿಗೆ ಏನೂ ಹೇಳದೆ ವ್ಯಾಲ್ಪ್ರೊಯೇಟ್ ಬರೆದುಕೊಡುವುದು ನನ್ನ ಮಟ್ಟಿಗೆ ಒಪ್ಪಲಾಗದ್ದು. ಹಾಗೆಂದು ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ಇಂದು ರಾತ್ರಿಯೇ ನಿಲ್ಲಿಸುವುದೂ ಅಪಾಯ. ಈ ವಾರ ವೈದ್ಯರನ್ನು ಕಾಣಿ.

ಉಳಿದವುಗಳಲ್ಲಿ ಲ್ಯಾಮೊಟ್ರಿಜಿನ್ ಎಲ್ಲಕ್ಕಿಂತ ಸುರಕ್ಷಿತ. ಮಾಮೂಲಿ ಡೋಸಿನಲ್ಲಿ ಹುಟ್ಟುದೋಷದ ಪ್ರಮಾಣ ಔಷಧವಿಲ್ಲದವರಷ್ಟೇ ಇದೆ. ಕಾರ್ಬಮಜೆಪಿನ್ ಮತ್ತು ಟೊಪಿರಮೇಟ್ ಎಂಬ ಇನ್ನೊಂದು ಫಿಟ್ಸ್ ಔಷಧ ನಡುವಿನವು, ನೂರಕ್ಕೆ ನಾಲ್ಕೈದು. ಟೊಪಿರಮೇಟ್‌ಗೂ 2024ರಲ್ಲಿ ಬ್ರಿಟನ್ ಗರ್ಭ ತಡೆಯುವ ಕಾರ್ಯಕ್ರಮ ಕಡ್ಡಾಯ ಮಾಡಿತು. ಗರ್ಭನಿರೋಧಕ ಮಾತ್ರೆಯ ಜೊತೆ ಇವುಗಳ ಸಂಬಂಧ ಎರಡೂ ಕಡೆಯಿಂದ ಕೆಡುತ್ತದೆ. ಕಾರ್ಬಮಜೆಪಿನ್ ಆ ಮಾತ್ರೆಯನ್ನು ಸೋಲಿಸುತ್ತದೆ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಲ್ಯಾಮೊಟ್ರಿಜಿನ್‌ನ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ‘ಇದ್ದಕ್ಕಿದ್ದಂತೆ ಮತ್ತೆ ಖಿನ್ನತೆ ಬಂತು’ ಎನ್ನುವವರ ಕಥೆಯ ಹಿಂದೆ ಒಮ್ಮೊಮ್ಮೆ ಇದೇ ಇರುತ್ತದೆ, ಸ್ತ್ರೀರೋಗ ತಜ್ಞರು ಬರೆದ ಮಾತ್ರೆಯ ವಿಷಯ ಮನೋವೈದ್ಯರಿಗೆ ಗೊತ್ತಿರುವುದಿಲ್ಲ.

ಕೆಲಸ ಎರಡು: ಆತಂಕ

ಇಲ್ಲಿ ಹೋಲಿಕೆ ಪ್ರಿಗ್ಯಾಬಲಿನ್ ಮತ್ತು ಗ್ಯಾಬಪೆಂಟಿನ್ ನಡುವೆ. ಮಿದುಳನ್ನು ಶಾಂತಗೊಳಿಸುವ ರಾಸಾಯನಿಕವಾದ ‘ಗ್ಯಾಬಾ’ ಹೆಸರಲ್ಲಿ ಇದ್ದರೂ, ಅದು ಅಂಟುವ ನರಕೋಶದ ಗ್ರಾಹಕವನ್ನು (ರಿಸೆಪ್ಟರ್) ಎರಡೂ ಮುಟ್ಟುವುದಿಲ್ಲ. ನರಕೋಶದ ಕ್ಯಾಲ್ಸಿಯಂ ದ್ವಾರದ ಒಂದು ಭಾಗಕ್ಕೆ ಅಂಟಿಕೊಂಡು ಉದ್ರೇಕ ತಗ್ಗಿಸುತ್ತವೆ. ಹೆಸರಿಟ್ಟವರ ಲೆಕ್ಕ ತಪ್ಪಿತು, ಹೆಸರು ಉಳಿಯಿತು.

ಪುರಾವೆ ಕೇಳಿದರೆ ಪ್ರಿಗ್ಯಾಬಲಿನ್ ಬಹಳ ಮುಂದಿದೆ. ಸಾರ್ವತ್ರಿಕ ಆತಂಕದಲ್ಲಿ ದಿನಕ್ಕೆ 150ರಿಂದ 600 ಮಿಲಿಗ್ರಾಂನಲ್ಲಿ ಹಲವು ಪ್ರಯೋಗಗಳು ಲಾಭ ತೋರಿಸಿವೆ, ಅದೂ ಮೊದಲ ವಾರದಲ್ಲೇ. ಗ್ಯಾಬಪೆಂಟಿನ್‌ಗೆ ಸಾಮಾಜಿಕ ಆತಂಕದ ಮೇಲೆ ಒಂದು ಸಣ್ಣ ಒಳ್ಳೆಯ ಪ್ರಯೋಗ ಇದೆ, ಉಳಿದದ್ದು ಚದುರಿದ ಅನುಭವ. ಹೀರಿಕೆಯಲ್ಲೂ ವ್ಯತ್ಯಾಸ ದೊಡ್ಡದು: ಪ್ರಿಗ್ಯಾಬಲಿನ್ ಶೇ 90ಕ್ಕೂ ಹೆಚ್ಚು ರಕ್ತ ಸೇರುತ್ತದೆ. ಗ್ಯಾಬಪೆಂಟಿನ್‌ನಲ್ಲಿ ದಿನಕ್ಕೆ 900 ಮಿಲಿಗ್ರಾಂ ತೆಗೆದುಕೊಂಡರೆ ಶೇ 60, 2400ಕ್ಕೆ ಏರಿಸಿದರೆ ಶೇ 34 ಮಾತ್ರ. ಕರುಳಿನ ಬಾಗಿಲು ಅಷ್ಟೇ ಅಗಲ. ಡೋಸು ಹೆಚ್ಚಿಸಿದಷ್ಟೂ ಹೊರಗೇ ಉಳಿಯುವ ಪಾಲು ಹೆಚ್ಚು.

ಆದರೆ ಎರಡಕ್ಕೂ ಮೊದಲು ಎಸ್‌ಎಸ್‌ಆರ್‌ಐ ಎಂಬ, ಖಿನ್ನತೆ-ಆತಂಕಕ್ಕೆ ಕೊಡುವ ಗುಂಪಿನ ಔಷಧ ಮತ್ತು ತಜ್ಞರೊಡನೆ ಮಾತಾಡಿ ಮನಸ್ಸು ಸರಿಪಡಿಸಿಕೊಳ್ಳುವ ಚಿಕಿತ್ಸೆ ನಿಲ್ಲುತ್ತವೆ. ಅವು ಒಗ್ಗದಿದ್ದಾಗ, ಬೆಂಜೊಡಯಜೆಪಿನ್ ಗುಂಪಿನ ನಿದ್ದೆ-ಆತಂಕದ ಮಾತ್ರೆಗೆ ಚಟದಂತೆ ಅಂಟಿಕೊಳ್ಳುವ ಭಯವಿದ್ದಾಗ ಪ್ರಿಗ್ಯಾಬಲಿನ್ ನೆನಪಾಗುತ್ತದೆ. ಅದಕ್ಕೂ ಅಂಟಿಕೊಳ್ಳುವ ಗುಣವಿದೆ ಎಂಬುದು ಆಮೇಲೆ ಗೊತ್ತಾಯಿತು. ಬ್ರಿಟನ್ 2019ರ ಏಪ್ರಿಲಿನಲ್ಲಿ ಎರಡನ್ನೂ ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ತಲೆಸುತ್ತು, ಮಂಪರು, ಕಾಲೂತ, ತೂಕ ಏರಿಕೆ ಸಾಮಾನ್ಯ. ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಔಷಧದ ಜೊತೆ ಸೇರಿದರೆ ಉಸಿರಾಟವೇ ಕುಗ್ಗಬಹುದೆಂದು 2019ರ ಕೊನೆಯಲ್ಲಿ ಎಫ್‌ಡಿಎ ಎಚ್ಚರಿಸಿದೆ. ಎರಡೂ ಹೊರಹೋಗುವುದು ಮೂತ್ರಪಿಂಡದ ಮೂಲಕ, ಕಿಡ್ನಿ ಸೋತವರಿಗೆ ಡೋಸು ಇಳಿಸಲೇಬೇಕು.

ಕೆಲಸ ಮೂರು: ಕುಡಿತ, ಅತಿತಿನ್ನುವಿಕೆ

ಕುಡಿತ ಬಿಡಲು ಮೊದಲ ಸಾಲಿನ ಔಷಧಗಳು ನಾಲ್ಟ್ರೆಕ್ಸೋನ್ ಮತ್ತು ಅಕಾಂಪ್ರೊಸೇಟ್. ಅವು ಹೊಂದದವರಿಗೆ ಟೊಪಿರಮೇಟ್ ಅಥವಾ ಗ್ಯಾಬಪೆಂಟಿನ್ ನೋಡಬಹುದು ಎಂದು ಅಮೆರಿಕದ ಮನೋವೈದ್ಯರ ಸಂಘದ 2018ರ ಮಾರ್ಗಸೂಚಿ ಹೇಳುತ್ತದೆ. ಎರಡೂ ಆಫ್-ಲೇಬಲ್, ಆದರೆ ಮಾರ್ಗಸೂಚಿಯ ಬೆಂಬಲವಿರುವ ಆಫ್-ಲೇಬಲ್. ಬೈಪೋಲಾರ್‌ನಲ್ಲಿ ಸೋತು ಸುಣ್ಣವಾದ ಗ್ಯಾಬಪೆಂಟಿನ್‌ಗೆ ಇಲ್ಲಿ ಒಂದಿಷ್ಟು ಮಾನ ಸಿಕ್ಕಿದೆ: 2014ರಲ್ಲಿ ಪ್ರಕಟವಾದ, 150 ಜನರ 12 ವಾರಗಳ ಪ್ರಯೋಗದಲ್ಲಿ ದಿನಕ್ಕೆ 1800 ಮಿಲಿಗ್ರಾಂ ಪಡೆದವರಲ್ಲಿ ಶೇ 17 ಜನ ಪೂರ್ತಿ ಕುಡಿತ ಬಿಟ್ಟರು, ಹುಸಿಮಾತ್ರೆ ಪಡೆದವರಲ್ಲಿ ಶೇ 4. ದೊಡ್ಡ ಗೆಲುವೇನಲ್ಲ, ಆದರೆ ಗೆಲುವು. ಲಿವರ್ ಕೆಟ್ಟವರಿಗೆ ಅದರ ಮೇಲೆ ಭಾರ ಹಾಕದ ಔಷಧ ಎಂಬುದು ಇನ್ನೊಂದು ಅನುಕೂಲ. ಕುಡಿದುಕೊಂಡೇ ಇದನ್ನೂ ನುಂಗುವವರಲ್ಲಿ ಮಾತ್ರ ಮಂಪರಿನ ಮೇಲೆ ಮಂಪರು.

ಟೊಪಿರಮೇಟ್ ಕುಡಿತದ ಸೆಳೆತ ತಗ್ಗಿಸುವುದರಲ್ಲೂ, ತಡೆಯಿಲ್ಲದೆ ತಿನ್ನುವ ಕಾಯಿಲೆಯಲ್ಲೂ ಪ್ರಯೋಗಗಳ ಬೆಂಬಲ ಪಡೆದಿದೆ. ಹಸಿವು ಕುಗ್ಗಿಸುವುದರಿಂದ, ಬೇರೆ ಮನೋವೈದ್ಯಕೀಯ ಔಷಧಗಳು ಏರಿಸಿದ ತೂಕ ಇಳಿಸಲೂ ಕೊಡುತ್ತಾರೆ. ತೊಂದರೆ ತಲೆಯದು: ಬಾಯಿಗೆ ಬರಬೇಕಾದ ಪದ ಬರುವುದಿಲ್ಲ. ಪಾಠ ಹೇಳುವವರು, ವಾದ ಮಾಡುವವರು, ಮಾತೇ ಬಂಡವಾಳವಾದವರು ಇದನ್ನು ಸಹಿಸುವುದು ಕಷ್ಟ. ಬೆರಳು ಜುಮುಗುಡುವುದು, ಕಿಡ್ನಿ ಕಲ್ಲು, ರಕ್ತ ಆಮ್ಲೀಯವಾಗುವುದು ಉಳಿದವು. ಶುರುವಾದ ಮೊದಲ ತಿಂಗಳಲ್ಲಿ ಕಣ್ಣು ಕೆಂಪಾಗಿ ನೋಯುತ್ತ ದೃಷ್ಟಿ ಮಸುಕಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ವಯಸ್ಕರ ಉನ್ಮಾದಕ್ಕೆ ಟೊಪಿರಮೇಟ್ ಕೊಟ್ಟು ನೋಡಿದ ಪ್ರಯೋಗಗಳು ಸೋತಿವೆ. ಬೈಪೋಲಾರ್‌ಗೆ ಮುಖ್ಯ ಔಷಧವಾಗಿ ಅದು ಚೀಟಿಯಲ್ಲಿದ್ದರೆ ಕಾರಣ ಕೇಳಿ.

ರೂಢಿ ಪುರಾವೆಯನ್ನು ಮೀರಿದ ಜಾಗಗಳು

ಗಡಿರೇಖೆಯ ವ್ಯಕ್ತಿತ್ವ ತೊಂದರೆ (ಬಾರ್ಡರ್‌ಲೈನ್ ಪರ್ಸನಾಲಿಟಿ) ಇರುವವರಲ್ಲಿ ಮನಸ್ಸು ಗಳಿಗೆಗೊಂದು ಬಣ್ಣ ತಾಳುತ್ತದೆ. ಲ್ಯಾಮೊಟ್ರಿಜಿನ್ ಅದಕ್ಕೆ ಒಗ್ಗಬಹುದೆಂದು ಬಹುಕಾಲ ನಂಬಿದ್ದರು, ಸಣ್ಣ ಪ್ರಯೋಗಗಳು ಹಾಗೆ ಸೂಚಿಸಿಯೂ ಇದ್ದವು. ಬ್ರಿಟನ್ನಿನಲ್ಲಿ 276 ಜನರನ್ನು ಒಂದು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಸಿಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಕಾಯಿಲೆಯ ಹಿರಿಯರ ಕೂಗಾಟ, ಹೊಡೆದಾಟ ತಗ್ಗಿಸಲು ವ್ಯಾಲ್ಪ್ರೊಯೇಟ್ ಕೊಡುವ ರೂಢಿಯೂ ಹೀಗೆಯೇ. ಪ್ರಯೋಗಗಳು ಲಾಭ ತೋರಿಸಲಿಲ್ಲ, ಮಂಪರು ಮಾತ್ರ ತೋರಿಸಿದವು. ಈ ಬಳಕೆಗೆ ಪ್ರಚಾರ ಮಾಡಿದ್ದಕ್ಕೆ ಅಬಾಟ್ ಕಂಪನಿ 2012ರಲ್ಲಿ ಅಮೆರಿಕದ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳಿಗೆ 150 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಲೆವೆಟಿರಸೆಟಮ್ ಅಂತೂ ಉಲ್ಟಾ ಹೊಡೆಯುವ ಔಷಧ. ಫಿಟ್ಸ್‌ಗೆ ಉತ್ತಮವಾದರೂ ಕೆಲವರಲ್ಲಿ ಸಿಡುಕು, ಕೋಪ, ಖಿನ್ನತೆ ತಾನೇ ತರುತ್ತದೆ.

ಎಲ್ಲಕ್ಕೂ ಅನ್ವಯಿಸುವ ಎರಡು ಮಾತು

2008ರಲ್ಲಿ ಎಫ್‌ಡಿಎ 11 ಫಿಟ್ಸ್ ಔಷಧಗಳ 199 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಔಷಧ ಪಡೆದವರಲ್ಲಿ ಶೇ 0.43, ಹುಸಿಮಾತ್ರೆ ಪಡೆದವರಲ್ಲಿ ಶೇ 0.24. ವ್ಯತ್ಯಾಸ ಸುಮಾರು ಐನೂರಕ್ಕೆ ಒಂದು. ಇದರಿಂದ ಔಷಧ ಬಿಡಬೇಕಿಲ್ಲ. ಶುರುವಿನ ವಾರಗಳಲ್ಲಿ ಮನೆಯವರೊಬ್ಬರಿಗೆ ವಿಷಯ ಗೊತ್ತಿರಬೇಕು, ‘ಮನಸ್ಸು ಮೊದಲಿಗಿಂತ ಕಪ್ಪಾಗುತ್ತಿದೆ’ ಅನ್ನಿಸಿದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಬೇಕು.

ಎರಡನೆಯದು ನಿಲ್ಲಿಸುವ ಬಗೆ. ನನಗೇನು ಫಿಟ್ಸ್ ಇಲ್ಲವಲ್ಲ, ಇಂದೇ ಬಿಟ್ಟರಾಯಿತು ಎನ್ನುವಂತಿಲ್ಲ. ಬೈಪೋಲಾರ್ ಪ್ರಯೋಗಗಳಲ್ಲಿ ಲ್ಯಾಮೊಟ್ರಿಜಿನ್ ದಿಢೀರ್ ನಿಲ್ಲಿಸಿದ ಇಬ್ಬರಿಗೆ ಫಿಟ್ಸ್ ಬಂದದ್ದು ಅದರ ಲೇಬಲ್ಲಿನಲ್ಲೇ ದಾಖಲಾಗಿದೆ. ಪ್ರಿಗ್ಯಾಬಲಿನ್ ಬಿಟ್ಟವರಲ್ಲಿ ಬೆವರು, ನಿದ್ದೆಗೇಡು, ಇಮ್ಮಡಿ ಆತಂಕ ಕಾಣುತ್ತದೆ. ಏರಿಸಿದಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ದದ್ದು ಎದ್ದಾಗ ಮಾತ್ರ ಈ ನಿಯಮಕ್ಕೆ ವಿನಾಯಿತಿ: ಲ್ಯಾಮೊಟ್ರಿಜಿನ್ ಅಥವಾ ಕಾರ್ಬಮಜೆಪಿನ್ ಶುರುವಾದ ಎರಡು ತಿಂಗಳೊಳಗೆ ಜ್ವರ, ಬಾಯಿಹುಣ್ಣು, ಕಣ್ಣುರಿಯ ಜೊತೆ ದದ್ದು ಬಂದರೆ ಮುಂದಿನ ಮಾತ್ರೆ ನುಂಗದೆ ನೇರ ಆಸ್ಪತ್ರೆಗೆ ಹೋಗಬೇಕು.

ವೈದ್ಯರ ಎದುರು

ಮಾಹಿತಿ ಹಾಳೆಯನ್ನು ಜೊತೆಗೇ ಒಯ್ಯಿರಿ, ಸಂಕೋಚ ಬೇಡ. ‘ಇದು ನನ್ನ ಯಾವ ತೊಂದರೆಗೆ?’ ಎಂಬುದು ಮೊದಲ ಪ್ರಶ್ನೆ; ‘ಮನಸ್ಸಿಗೆ’ ಎಂಬ ಒಂದೇ ಪದದ ಉತ್ತರ ಸಾಲದು. ಉನ್ಮಾದ ತಡೆಯಲೋ, ಖಿನ್ನತೆ ತಡೆಯಲೋ, ನಿದ್ದೆಗೋ, ಆತಂಕಕ್ಕೋ ಎಂದು ಬಿಡಿಸಿ ಹೇಳಲಿ. ಲೇಬಲ್ಲಿನೊಳಗಿನ ಆಯ್ಕೆ ಯಾವುದಿತ್ತು, ಅದನ್ನು ಬಿಟ್ಟು ಇದನ್ನೇ ಹಿಡಿದದ್ದು ಯಾಕೆ ಎಂಬುದು ಎರಡನೆಯದು. ಒಳ್ಳೆಯ ವೈದ್ಯರ ಬಳಿ ಇದಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ, ಕೇಳಿದ್ದಕ್ಕೆ ಅವರಿಗೆ ಖುಷಿಯೂ ಆಗುತ್ತದೆ.

ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ಗರ್ಭನಿರೋಧಕ, ನೋವಿನ ಮಾತ್ರೆ, ವಿಟಮಿನ್ ಕೂಡ. ಖಿನ್ನತೆಗೆ ಕ್ವೆಟಿಯಾಪಿನ್ ಜೊತೆ ಲ್ಯಾಮೊಟ್ರಿಜಿನ್ ಕೊಟ್ಟ ಒಂದು ಪ್ರಯೋಗದಲ್ಲಿ ಫೋಲಿಕ್ ಆಸಿಡ್ ಸೇರಿಸಿದವರಿಗೆ ಲ್ಯಾಮೊಟ್ರಿಜಿನ್‌ನ ಲಾಭ ಸಿಗಲಿಲ್ಲ. ಯಾಕೆಂದು ಯಾರಿಗೂ ಸರಿಯಾಗಿ ಬಗೆಹರಿದಿಲ್ಲ. ಬಸಿರಿನ ಯೋಚನೆ ಇರುವವರಿಗೆ ಫೋಲಿಕ್ ಆಸಿಡ್ ಬೇಕೇ ಬೇಕು, ಹಾಗಾಗಿ ಸ್ವಂತ ತೀರ್ಮಾನದಿಂದ ಬಿಡಬೇಡಿ, ಹೇಳಿಬಿಡಿ ಅಷ್ಟೆ. ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುವವರು ಯಾವುದೋ ಸೋಂಕಿಗೆಂದು ಆಸ್ಪತ್ರೆ ಸೇರಿದರೆ ಅಲ್ಲಿಯೂ ಹೇಳಬೇಕು. ಕಾರ್ಬಪೆನೆಮ್ ಗುಂಪಿನ ಆಂಟಿಬಯಾಟಿಕ್ ವ್ಯಾಲ್ಪ್ರೊಯೇಟ್‌ನ ರಕ್ತಮಟ್ಟವನ್ನು ಒಂದೆರಡು ದಿನದಲ್ಲಿ ಪಾತಾಳಕ್ಕಿಳಿಸುತ್ತದೆ.

ಕೊನೆಯದು, ಗಡುವು. ಆಫ್-ಲೇಬಲ್ ಔಷಧ ಶುರುವಾದ ದಿನವೇ ಅದನ್ನು ಮರುವಿಚಾರ ಮಾಡುವ ದಿನವೂ ಚೀಟಿಯ ಮೇಲೆ ಬರೆದಿರಲಿ. ಆತಂಕಕ್ಕೆ ಪ್ರಿಗ್ಯಾಬಲಿನ್ ಆದರೆ ಒಂದು ತಿಂಗಳು ಸಾಕು, ನಾಟುವುದಿದ್ದರೆ ಅಷ್ಟರಲ್ಲಿ ಸುಳಿವು ಸಿಕ್ಕಿರುತ್ತದೆ. ಲ್ಯಾಮೊಟ್ರಿಜಿನ್‌ಗೆ ಪೂರ್ತಿ ಡೋಸು ಮುಟ್ಟಲೇ ಆರನೆಯ ವಾರ ಬೇಕು, ಖಿನ್ನತೆ ತಡೆಯಿತೇ ಎಂದು ತಿಳಿಯಲು ತಿಂಗಳುಗಳು. ಅಷ್ಟು ದಿನದ ಮನಸ್ಸಿನ ಏರಿಳಿತ ನೆನಪಿನಲ್ಲಿ ಉಳಿಯುವುದಿಲ್ಲ. ದಿನಕ್ಕೊಂದು ಸಾಲು, ನಿದ್ದೆ ಎಷ್ಟು, ಮನಸ್ಸು ಹೇಗೆ ಎಂದು ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟರೆ, ಮುಂದಿನ ಭೇಟಿಯಲ್ಲಿ ‘ಹೇಗಿದ್ದೀರಿ’ ಎಂಬ ಪ್ರಶ್ನೆಗೆ ಆ ಹಾಳೆಯನ್ನೇ ಕೊಡಬಹುದು.